ಪಿಎಲ್‌ಎ ಚಮಚ ಮುರಿಯುತ್ತದೆ, ಲೋಟ ಬಿಸಿ ಕಾಫಿಗೆ ಸೊಟ್ಟಗಾಗುತ್ತದೆ: ಎಷ್ಟು ಪಿಬಿಎಟಿ ಬೆರೆಸಬೇಕು?

ನಿಮ್ಮ ಪ್ರಶ್ನೆ ಓದಿದೊಡನೆ, ಪಿಎಲ್‌ಎಯಿಂದ, ಅಂದರೆ ಸಸ್ಯಗಳ ಸಕ್ಕರೆಯಿಂದ ತಯಾರಾಗುವ ಪ್ಲಾಸ್ಟಿಕ್‌ನಿಂದ, ಹೋಂಸ್ಟೇಗಳಿಗೆ ಚಮಚ, ಲೋಟ ಮಾಡಿ ಒದಗಿಸಲೆಂದು ಮಡಿಕೇರಿ ಬಳಿ ನಾನು ಆರಂಭಿಸಿದ್ದ ಸಣ್ಣ ಘಟಕದ ಮೊದಲ ಮಳೆಗಾಲ ಕಣ್ಣ ಮುಂದೆ ಬಂತು. ಚಮಚ ಮುರಿಯದಿರಲೆಂದು ನಾನೂ ಪಿಬಿಎಟಿ ಎಂಬ ಮೆದುವಾದ, ಬಾಗುವ ಪ್ಲಾಸ್ಟಿಕ್‌ನ ಮೊರೆಹೋಗಿದ್ದೆ. ಮೊದಲು ಶೇ. 10 ಬೆರೆಸಿದೆ, ಬಳಿಕ 20, ಕೊನೆಗೆ 30. ಚಮಚ ಮೆತ್ತಗಾಯಿತೇ ಹೊರತು ಗಟ್ಟಿಯಾಗಲಿಲ್ಲ. ಹಿಡಿಯನ್ನು ಬಗ್ಗಿಸಿದರೆ ಬಗ್ಗಿದ ಜಾಗ ಬೆಳ್ಳಗಾಗಿ, ಅಲ್ಲೇ ಸೀಳುತ್ತಿತ್ತು.

ತಪ್ಪು ಇದ್ದದ್ದು ಬೆರಕೆಯಲ್ಲಲ್ಲ, ಒಣಗಿಸುವುದರಲ್ಲಿ. ನಾನು ಒಣಗಿಸದೆ ಬಿಟ್ಟವನಲ್ಲ. ಪ್ರತಿ ಬೆಳಿಗ್ಗೆ ಪಿಎಲ್‌ಎ ಗ್ರ್ಯಾನ್ಯೂಲ್‌ಗಳನ್ನು, ಅಂದರೆ ಕಚ್ಚಾ ಪ್ಲಾಸ್ಟಿಕ್ ಕಾಳುಗಳನ್ನು, 80 ಡಿಗ್ರಿಯಲ್ಲಿ ನಾಲ್ಕು ಗಂಟೆ ಬಿಸಿಗಾಳಿಯ ಡ್ರೈಯರ್‌ನಲ್ಲಿ ಇಡುತ್ತಿದ್ದೆ. ಆದರೆ ಆ ಡ್ರೈಯರ್ ಎಳೆದುಕೊಳ್ಳುತ್ತಿದ್ದದ್ದು ಕಕ್ಕಡ ತಿಂಗಳ, ಅಂದರೆ ಕೊಡಗಿನ ಜಡಿಮಳೆ ಕಾಲದ ಗಾಳಿಯನ್ನು, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಸುವ ಗಾಳಿಯನ್ನು. ಕಾಫಿ ತೋಟದ ಮನೆಯಲ್ಲಿ ಬೆಳೆದ ನನಗೆ ಒಣಗಿದ್ದು ಎಂದರೆ ಶೇ. 10 ತೇವಾಂಶಕ್ಕೆ ಇಳಿದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ. ಪಿಎಲ್‌ಎ ಕರಗಿಸುವ ಮೊದಲು ಅದರಲ್ಲಿ ಉಳಿಯಬಹುದಾದ ತೇವಾಂಶ ಶೇ. 0.025 ಮಾತ್ರ. ಅಂಗೈಯಲ್ಲಿ ಉಜ್ಜಿದರೆ ಗರಿಗರಿಯಾಗಿರುವ ಕಾಳಿನಲ್ಲಿಯೂ ಅದಕ್ಕಿಂತ ಹೆಚ್ಚು ನೀರಿರುತ್ತದೆ.

ಅಷ್ಟು ನೀರಿನಿಂದ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದ ದಿನ ನನಗೆ ನಿದ್ದೆ ಬರಲಿಲ್ಲ. 25 ಕಿಲೋ ಚೀಲದಲ್ಲಿ ಶೇ. 0.1 ತೇವಾಂಶವೆಂದರೆ 25 ಗ್ರಾಂ ನೀರು. ಪಾಲಿಮರಿನ ಸರಾಸರಿ ಅಣುತೂಕ ಒಂದು ಲಕ್ಷವೆಂದಿಟ್ಟುಕೊಂಡರೆ, ಆ ಚೀಲದಲ್ಲಿರುವ ಪಾಲಿಮರ್ ಸರಪಳಿಗಳಿಗಿಂತ, ಅಂದರೆ ಪ್ಲಾಸ್ಟಿಕ್‌ನ ಉದ್ದನೆಯ ಅಣುಗಳಿಗಿಂತ, ನೀರಿನ ಅಣುಗಳೇ ಐದು ಪಟ್ಟಿಗೂ ಹೆಚ್ಚಾಗುತ್ತವೆ. ಪ್ಲಾಸ್ಟಿಕ್ ಕರಗಿಸುವ ಸುಮಾರು 200 ಡಿಗ್ರಿಯ ಬ್ಯಾರೆಲ್‌ನಲ್ಲಿ ಒಂದೊಂದು ನೀರಿನ ಅಣುವೂ ಸರಪಳಿಯನ್ನು ಹಿಡಿದಿಟ್ಟಿರುವ ಒಂದೊಂದು ಎಸ್ಟರ್ ಕೊಂಡಿಯನ್ನು ಕತ್ತರಿಸಬಲ್ಲದು. ಉದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಪ್ಲಾಸ್ಟಿಕ್‌ಗೆ ಗಟ್ಟಿತನ ಬರುವುದು, ತುಂಡಾದವು ಹೆಣೆದುಕೊಳ್ಳುವುದಿಲ್ಲ. ನಾನು ತುಂಡಾದ ಸರಪಳಿಗಳಿಗೆ ಪಿಬಿಎಟಿ ಸುರಿಯುತ್ತಾ ಕುಳಿತಿದ್ದೆ. ನಳಿಕೆಯಿಂದ ಕರಗಿದ ಪಿಎಲ್‌ಎ ನೀರಿನಂತೆ ತೊಟ್ಟಿಕ್ಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರೂ, ಸರಾಗವಾಗಿ ಹರಿಯುತ್ತಿದೆ ಎಂದು ಸಂತೋಷಪಟ್ಟಿದ್ದೆ. ಒಂದು ಹಂಗಾಮಿನ ಮಾಲು ಪೂರ್ತಿ ವಾಪಸ್ ಬಂತು.

ಆದ್ದರಿಂದ ಎಷ್ಟು ಬೆರೆಸಬೇಕು ಎಂಬ ಪ್ರಶ್ನೆಯನ್ನೇ ಸದ್ಯಕ್ಕೆ ಬದಿಗಿಡಿ. ಕೊಡಗಿನ ಮಳೆಗಾಲದಲ್ಲಿ ಗಾಳಿಯ ತೇವವನ್ನೇ ತೆಗೆದು ಬಿಸಿಮಾಡುವ ಡೆಸಿಕಂಟ್ ಡ್ರೈಯರ್ ಇಲ್ಲದೆ ಪಿಎಲ್‌ಎ ಕೆಲಸಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರಕ್ಕೆ ಕಾಳು ಸುರಿಯುವ ಹಾಪರ್ ಮುಚ್ಚಿರಬೇಕು. ತುಂಡರಿಸಿ ಮರುಬಳಸುವ ಸ್ಕ್ರ್ಯಾಪ್ ಹರಳುಗಟ್ಟಿರುವುದಿಲ್ಲ, ಅಂದರೆ ಅದರ ಸರಪಳಿಗಳು ಸಾಲುಗೂಡಿರುವುದಿಲ್ಲ; ಅದನ್ನು 80 ಡಿಗ್ರಿಗೆ ಹಾಕಿದರೆ ಬೆಲ್ಲದ ಅಚ್ಚಿನಂತೆ ಒಂದೇ ಮುದ್ದೆಯಾಗುತ್ತದೆ, ಆದ್ದರಿಂದ 50 ಡಿಗ್ರಿಯ ಒಳಗೆ ಹೆಚ್ಚು ಹೊತ್ತು ಒಣಗಿಸಬೇಕು.

ಲೋಟದ ಸಮಸ್ಯೆ ಬೇರೆಯೇ. ಅದಕ್ಕೆ ಪಿಬಿಎಟಿ ಮದ್ದಲ್ಲ. ಪಿಎಲ್‌ಎ ಸುಮಾರು 60 ಡಿಗ್ರಿಯಲ್ಲಿ ಮೆದುವಾಗುತ್ತದೆ, ಕಾಫಿ ಅದಕ್ಕಿಂತ ಬಿಸಿ. ಹರಳುಗಟ್ಟಿದ ಭಾಗ ಮಾತ್ರ ಆ ಬಿಸಿಯಲ್ಲಿ ಆಕಾರ ಹಿಡಿದಿಡುತ್ತದೆ, ಆದರೆ ಪಿಎಲ್‌ಎ ಹರಳುಗಟ್ಟುವುದು ತೀರಾ ನಿಧಾನ. ತಣ್ಣನೆಯ ಮೋಲ್ಡ್‌ನಲ್ಲಿ ಸರಪಳಿಗಳು ಸಾಲುಗೂಡುವ ಮೊದಲೇ ಇದ್ದಲ್ಲೇ ಹೆಪ್ಪುಗಟ್ಟಿಬಿಡುತ್ತವೆ. ಹರಳುಗಳು ಬೇಗ ಬೆಳೆಯುವುದು 100ರಿಂದ 120 ಡಿಗ್ರಿಯ ನಡುವೆ. ಹಾಗಾಗಿ ಮೋಲ್ಡನ್ನು 110ರ ಆಸುಪಾಸಿನಲ್ಲಿಟ್ಟು, ಹರಳಿಗೆ ಬೀಜವಾಗುವಂತೆ ನುಣುಪಾದ ಟಾಲ್ಕ್ ಖನಿಜದ ಪುಡಿ ಬೆರೆಸಿದೆ. ಒಂದೊಂದು ಲೋಟಕ್ಕೆ ಹಿಡಿಯುವ ಸಮಯ ಹೆಚ್ಚಿತು, ಪಾರದರ್ಶಕವಾಗಿದ್ದದ್ದು ಹಾಲಿನ ಬಣ್ಣಕ್ಕೆ ತಿರುಗಿತು. ಆದರೆ ಲೋಟ ನಿಂತಿತು. ಕೊಳ್ಳುವ ಮೊದಲು ಗ್ರೇಡ್‌ನಲ್ಲಿ ಡಿ-ಲ್ಯಾಕ್ಟೈಡ್, ಅಂದರೆ ಸರಪಳಿಗಳ ಸಾಲುಗೂಡುವಿಕೆಯನ್ನು ಕೆಡಿಸುವ ಘಟಕ, ಎಷ್ಟಿದೆ ಎಂದು ಕೇಳಿ. ಅದು ಶೇ. 10 ದಾಟಿದರೆ ಯಾವ ಟಾಲ್ಕ್ ಹಾಕಿದರೂ ಹರಳು ಕಟ್ಟುವುದಿಲ್ಲ. ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಪಿಇಜಿ (ಪಾಲಿಇಥಿಲೀನ್ ಗ್ಲೈಕಾಲ್) ಹಾಕಿ ಎಂದು ಹೇಳುವವರೂ ಸಿಗುತ್ತಾರೆ. ಸರಪಳಿಗಳು ಸಲೀಸಾಗಿ ಸರಿದಾಡಿ ಹರಳು ಬೇಗ ಕಟ್ಟುತ್ತದೆ ಎಂಬುದು ನಿಜ, ಆದರೆ ಮೆದುವಾಗುವ ಉಷ್ಣಾಂಶವೂ ಕೆಳಗಿಳಿಯುತ್ತದೆ, ಕಾಲಕ್ರಮೇಣ ಅದು ಮೇಲ್ಮೈಗೆ ಜಿನುಗುತ್ತದೆ. ನಾನಂತೂ ಬಳಸುವುದಿಲ್ಲ.

ಈ ವಾರ ಸೀಲ್ ಒಡೆಯದ ಒಂದು ಚೀಲ ತೆಗೆದು, ಸರಿಯಾಗಿ ಒಣಗಿಸಿ, ಏನನ್ನೂ ಬೆರೆಸದೆ ಹತ್ತು ಚಮಚ ಮಾಡಿ, ಈಗಿನವುಗಳ ಪಕ್ಕದಲ್ಲಿಟ್ಟು ಬಗ್ಗಿಸಿ ನೋಡಿ. ಪಿಬಿಎಟಿ ಬೇಕೇ ಬೇಡವೇ ಎಂಬುದನ್ನು ಅದರ ನಂತರ ಯೋಚಿಸೋಣ.