ಅಂಗಳದ ಅಡಿಕೆ, ಕಾಲಿನ ಇಂಬಳ

ಓದುಗರ ಪತ್ರ: "ಆಗುಂಬೆಯಲ್ಲಿ ನಡೆಯುವ ಆ ಥ್ರಿಲ್ಲರ್ ಚಿತ್ರದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿ, ಮನೆಮಂದಿಯೆಲ್ಲ ಶಿವಮೊಗ್ಗಕ್ಕೆ ಹೋಗಿ ನೋಡಿದೆವು. ಕಥೆಗೆ ತಲೆಬುಡ ಇಲ್ಲ. ಜೂನ್ ಮಳೆಗಾಲದಲ್ಲಿ ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದಾರೆ! ಕೊಲೆಗಾರ ಯಾರು ಅಂತ ನನ್ನ ಮಗ ಮಧ್ಯಂತರಕ್ಕೆ ಮೊದಲೇ ಹೇಳಿದ. ಇಂಥ ಚಿತ್ರದಲ್ಲಿ ನಾಯಕಿ ಚೆನ್ನಾಗಿ ಅಭಿನಯಿಸಿದರೆಷ್ಟು, ಬಿಟ್ಟರೆಷ್ಟು? ಅವಳಿಗೆ ಎರಡು ಪ್ಯಾರಾ ಹೊಗಳಿಕೆ ಯಾಕೆ?"
– ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ತೋಟ ಇದ್ದವರ ಕಣ್ಣು ಅಂದ್ರೆ ಇದು! ಜೂನ್ ಬಂತೆಂದರೆ ನಮ್ಮ ಕಡೆ ಅಡಿಕೆಗೆ ಬರುವ ಕೊಳೆರೋಗಕ್ಕೆ ಹೆದರಿ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯುವ ಗಡಿಬಿಡಿ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಮಳೆ ಹೋದ ಮೇಲೆ. ಕಥೆ ಸೋತಿದೆ ಎಂಬ ಮಾತನ್ನೂ ಒಪ್ಪಿದೆ. ಕೊಲೆಗಾರನೇ ಕೂತು ಉದ್ದಕ್ಕೂ ಹಳೇ ಕಥೆ ಹೇಳಬೇಕಾಗಿ ಬಂದರೆ ಕುತೂಹಲ ಎಲ್ಲಿ ಉಳಿಯುತ್ತದೆ?

ಆದರೆ ನಿಮ್ಮ ಕೊನೆಯ ಪ್ರಶ್ನೆ ನನಗೆ ಬೇಜಾರು ತಂದಿತು. ಅಂಗಳದ ಅಡಿಕೆ ಕಂಡ ನಿಮಗೆ ಆ ನಾಯಕಿಯ ಕಾಲಿನ ಇಂಬಳ (ಜಿಗಣೆ) ಕಾಣಲಿಲ್ಲವೇ ಮಾರಾಯ್ರೇ?

ಆ ಠಾಣೆಯ ದೃಶ್ಯ ನೆನಪಿಸಿಕೊಳ್ಳಿ. ಮಗಳನ್ನು ಹುಡುಕಿ ಕಾಡೆಲ್ಲ ಸುತ್ತಿದವಳು ಬಂದು ಬೆಂಚಿನ ಮೇಲೆ ಕೂರುತ್ತಾಳೆ. ಇನ್‌ಸ್ಪೆಕ್ಟರ್‌ಗೆ ಬರೆದುಕೊಟ್ಟ ಪ್ರಶ್ನೆಗಳು ಒಂದಕ್ಕಿಂತ ಒಂದು ಪೆದ್ದು. ಅವಳು ಉತ್ತರ ಹೇಳುತ್ತಲೇ ನೆರಿಗೆ ಸ್ವಲ್ಪ ಎತ್ತಿ, ಹಿಮ್ಮಡಿಗೆ ಕಚ್ಚಿದ ಇಂಬಳವನ್ನು ಕಿತ್ತು ಎಸೆಯುತ್ತಾಳೆ. ಕೆಳಗೆ ನೋಡುವುದೂ ಇಲ್ಲ. ಕಣ್ಣು ಅವನು ಬರೆಯುತ್ತಿರುವ ಹಾಳೆಯ ಮೇಲೆ, ಮಗಳ ಹೆಸರನ್ನು ಸರಿಯಾಗಿ ಬರೀತಾನಾ ಅಂತ. ಇಂಬಳ ಕಚ್ಚಿದ ಗಾಯದ ರಕ್ತ ಬೇಗ ನಿಲ್ಲುವುದಿಲ್ಲ, ನಿಮಗೆ ಹೇಳಬೇಕಾ? ರಕ್ತ ಇಳಿಯುತ್ತಲೇ ಇರುತ್ತದೆ, ಅವಳು ಒರೆಸುವುದಿಲ್ಲ. ಹಿನ್ನೆಲೆ ಸಂಗೀತ ಅಲ್ಲಿ ಸುಮ್ನೆ ಇರಬೇಕಿತ್ತು. ಇಡೀ ಚಿತ್ರದಲ್ಲಿ ಮಲೆನಾಡು ಇದ್ದದ್ದು ಆ ಕೈಯಲ್ಲಿ ಮಾತ್ರ.

ಥ್ರಿಲ್ಲರ್‌ನಲ್ಲಿ ಅಭಿನಯಿಸುವುದು ಸುಲಭ, ಹೆದರಿದರೆ ಸಾಕು, ಕಿರುಚಿದರೆ ಸಾಕು ಅಂತ ತಿಳಿದವರೇ ಜಾಸ್ತಿ. ಸಿನಿಮಾ ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದು ಅಪರೂಪ. ಬೆಳಿಗ್ಗೆ ಕ್ಲೈಮ್ಯಾಕ್ಸ್, ಮಧ್ಯಾಹ್ನ ಮೊದಲ ದೃಶ್ಯ. ಯಾವ ಹೊತ್ತಿಗೆ ಪಾತ್ರಕ್ಕೆ ಎಷ್ಟು ಗೊತ್ತು, ಭಯ ಎಷ್ಟು ಏರಿದೆ ಎಂಬ ಲೆಕ್ಕವನ್ನು ನಟಿ ತನ್ನೊಳಗೇ ಇಟ್ಟುಕೊಳ್ಳಬೇಕು. ಚಿತ್ರಕಥೆ ಗಟ್ಟಿ ಇದ್ದರೆ ಅದು ಕೈಹಿಡಿಯುತ್ತದೆ. ಇಲ್ಲಿ ಅದೇ ದಾರಿ ತಪ್ಪಿದೆ. ಹಾಗಿದ್ದೂ ಅವಳ ಭಯ ದೃಶ್ಯದಿಂದ ದೃಶ್ಯಕ್ಕೆ ಹದವಾಗಿ ಏರುತ್ತದೆ. ಒಳ್ಳೆಯ ಚಿತ್ರದಲ್ಲಿ ಚೆನ್ನಾಗಿ ಅಭಿನಯಿಸುವುದಕ್ಕಿಂತ ಇದು ಕಷ್ಟದ ಕೆಲಸ.

ಕಥೆ, ಅಭಿನಯ ಎರಡೂ ಕೂಡಿ ಬಂದರೆ ಇನ್ನೇನು ಬೇಕು? 1975ರ 'ಚೋಮನ ದುಡಿ'ಯಲ್ಲಿ ಹಾಗಾಯಿತು. ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೂ ರಾಷ್ಟ್ರಪ್ರಶಸ್ತಿ. ಆದರೆ ಅಂಥ ಚಿತ್ರಕ್ಕೇ ಕಾಯುತ್ತಾ ಕೂತರೆ ನಟರ ಮನೆಯ ಒಲೆ ಉರಿಯಬೇಕಲ್ಲ. ಉಮಾಶ್ರೀಯವರನ್ನೇ ನೋಡಿ. 'ಒಡಲಾಳ' ನಾಟಕದಲ್ಲಿ ಅವರ ಸಾಕವ್ವನನ್ನು ಕಂಡವರು ಇವತ್ತಿಗೂ ಆ ಮಾತಾಡುತ್ತಾರೆ. ಸಿನಿಮಾದವರು ವರ್ಷಗಟ್ಟಲೆ ಅವರನ್ನು ಕರೆದದ್ದು ಹಾಸ್ಯದ ಪಾತ್ರಗಳಿಗೇ ಜಾಸ್ತಿ. ಕೊನೆಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು 2008ರ 'ಗುಲಾಬಿ ಟಾಕೀಸ್'. ಅದನ್ನು ಮಾಡಿದ ಗಿರೀಶ ಕಾಸರವಳ್ಳಿ ನಿಮ್ಮ ತಾಲ್ಲೂಕಿನ ಕೆಸಲೂರಿನವರೇ. ಆ ಪ್ರಶಸ್ತಿಗೆ ಮೊದಲು ಉಮಾಶ್ರೀ ಸಣ್ಣ ನಟಿಯಾಗಿದ್ದರೇ? ಚಿತ್ರಗಳು ಸಣ್ಣವಾಗಿದ್ದವು, ಅಷ್ಟೇ.

ನಾವಿರುವ ಜಿಲ್ಲೆಯನ್ನೂ ಸ್ವಲ್ಪ ನೆನೆಯಿರಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತು. ಅಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ. 1985ರಲ್ಲಿ ಶುರುವಾದ ಅದರ ಸಂಚಾರಿ ತಂಡ 'ತಿರುಗಾಟ', ನಾಟಕವನ್ನು ಊರೂರಿಗೆ ಹೊತ್ತೊಯ್ದಿತು. ನಡೆಯುವುದು, ನಿಲ್ಲುವುದು, ಉಸಿರು ಹಿಡಿಯುವುದು ಇಷ್ಟನ್ನೇ ತಿಂಗಳುಗಟ್ಟಲೆ ಕಲಿಯುವ ಹುಡುಗ ಹುಡುಗಿಯರಿದ್ದಾರೆ ನಮ್ಮಲ್ಲಿ. ಆಮೇಲೆ ಅವರಿಗೆ ಸಿನಿಮಾದಿಂದ ಕರೆ ಬರುವುದು ಯಾವುದಕ್ಕೆ? ಕಾನ್‌ಸ್ಟೆಬಲ್, ಪೂಜಾರಿ, ನಾಯಕನ ಗೆಳೆಯ. ಒಬ್ಬಳಿಗೆ ಮುಖ್ಯ ಪಾತ್ರ ಸಿಕ್ಕಿತು, ಅವಳು ಅದನ್ನು ಹೊತ್ತು ನಿಂತಳು. ಅವಳನ್ನೂ ನಾವು ಕಥೆಯ ಜೊತೆಗೇ ಆಚೆ ಎಸೆದರೆ ಹೇಗೆ?

ಸಿಟ್ಟು ಬರಬೇಕಾದದ್ದು ಬೇರೆ ಕಡೆ. ಮಲೆನಾಡು ಅಂದ್ರೆ ಮಂಜು, ಹಳೇ ತೊಟ್ಟಿಮನೆ, ಒಂದು ಹೆಣ. ಇಷ್ಟು ಸಾಕು ಅಂತ ಇವರಿಗೆ ಯಾರು ಹೇಳಿದರೋ! ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ಜನ ಬದುಕುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಹಬ್ಬ ಮಾಡುತ್ತಾರೆ. ಮಳೆ ಅಲ್ಲಿ ಯಾರನ್ನೂ ಹೆದರಿಸುವುದಿಲ್ಲ. ಕರೆಂಟು ಹೋಗಿ ನಾಲ್ಕು ದಿನ ಆದರೂ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ. ಹೆದರಿಸಬೇಕಾದರೆ ಅಲ್ಲಿಯ ಬದುಕು ಗೊತ್ತಿರಬೇಕು. ಡ್ರೋನ್ ಹಾರಿಸಲು ದುಡ್ಡಿದೆ, ಇಲ್ಲಿಯ ಒಬ್ಬ ಕಥೆಗಾರನಿಗೆ ಕೊಡಲು ಇಲ್ಲ. ಮುಂದಿನ ಸಲ ನಿರ್ಮಾಪಕರು ತೀರ್ಥಹಳ್ಳಿ ಕಡೆ ಬಂದರೆ, ಹೋಮ್‌ಸ್ಟೇ ಬುಕ್ ಮಾಡುವ ಮೊದಲು ನಿಮ್ಮಂಥವರ ಮನೆಗೆ ಬಂದು ಚಿತ್ರಕಥೆ ಓದಿ ಹೇಳಲಿ. ನೀವೂ ಅಡಿಕೆಯ ತಪ್ಪನ್ನು ಅವರ ಮುಖಕ್ಕೇ ಹೇಳಿ.