ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸಂಬಂಧ ಬೆಳೆಸೋದು ಎಲ್ಲಿಂದ ಶುರುವಾಗಬೇಕು?

ನಿಮ್ಮಲ್ಲಿ ಹೊಸದಾಗಿ ಇಂಟರ್‌ನ್ಯಾಷನಲ್ ಆಫೀಸ್ ತೆರೆದಿದ್ದಾರೆ, ಜವಾಬ್ದಾರಿ ನಿಮಗೆ ಬಂದಿದೆ, ಹೊರದೇಶದ ಯಾವ ವಿಶ್ವವಿದ್ಯಾಲಯಕ್ಕೆ ಮೊದಲು ಬರೆಯಲಿ ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿ ವರ್ಷಗಳಿಂದ ಇದ್ದೇನೆ. ಸದ್ಯಕ್ಕೆ ಯಾರಿಗೂ ಬರೆಯಬೇಡಿ. ಮೊದಲು ನಿಮ್ಮದೇ ವಿಭಾಗಗಳಿಗೆ ಹೋಗಿ, ಮೇಷ್ಟ್ರುಗಳ ಜೊತೆ ಕೂತು ಮಾತಾಡಿ.

ಯಾಕೆಂದರೆ ಸಂಬಂಧ ಆಗಲೇ ಅಲ್ಲಿ ಇರುತ್ತದೆ. ಒಬ್ಬರು ತಾವು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡಿದ ಲ್ಯಾಬಿನವರ ಜೊತೆ ಈಗಲೂ ಪೇಪರ್ ಬರೆಯುತ್ತಿರುತ್ತಾರೆ. ಇನ್ನೊಬ್ಬರ ಹಳೆಯ ವಿದ್ಯಾರ್ಥಿನಿ ಬೇರೆ ದೇಶದಲ್ಲಿ ಪಾಠ ಮಾಡುತ್ತಿರುತ್ತಾಳೆ. ಸಂಶೋಧನಾ ಪೇಪರ್‌ಗಳನ್ನು ಹುಡುಕುವ ಸ್ಕೋಪಸ್ ಅನ್ನೋ ಡೇಟಾಬೇಸ್‌ನಲ್ಲಿ ನಿಮ್ಮ ಸಂಸ್ಥೆಯ ಹೆಸರು ಹಾಕಿ, ಕಳೆದ ಐದು ವರ್ಷಗಳ ಪೇಪರ್‌ಗಳಲ್ಲಿ ಯಾವ ವಿದೇಶಿ ಸಂಸ್ಥೆಗಳು ಮತ್ತೆ ಮತ್ತೆ ಬರುತ್ತವೆ ನೋಡಿ. ಶುರು ಅಲ್ಲಿಂದ. ಮೊದಲ ಮೇಲ್ ಕೂಡ ಆ ಪ್ರೊಫೆಸರ್ ಕಡೆಯಿಂದಲೇ ಹೋಗಲಿ. ರ‍್ಯಾಂಕಿಂಗ್ ಪಟ್ಟಿ ಹಿಡಿದು ಮೇಲಿಂದ ಕೆಳಗೆ ಎಲ್ಲರಿಗೂ ಒಂದೇ ಪತ್ರ ಕಳಿಸುವವರಿದ್ದಾರೆ. ಅವಕ್ಕೆ ಉತ್ತರ ಬರೋದೇ ಅಪರೂಪ.

ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ ಎರಾಸ್ಮಸ್ ಕೂಡ ಹೀಗೇ ಬೆಳೆದದ್ದು. 1976ರಿಂದಲೇ ಯುರೋಪಿನ ಬೇರೆ ಬೇರೆ ದೇಶಗಳ ವಿಭಾಗಗಳು ಚಿಕ್ಕದಾಗಿ ಜಂಟಿ ಕೋರ್ಸುಗಳನ್ನು ನಡೆಸುತ್ತಿದ್ದವು. 1987ರಲ್ಲಿ ಎರಾಸ್ಮಸ್ ಶುರುವಾದಾಗ ಹೋಗಿಬಂದವರು 11 ದೇಶಗಳ 3,244 ವಿದ್ಯಾರ್ಥಿಗಳು. ಒಂದು ಕಡೆ ಓದಿದ್ದರ ಲೆಕ್ಕವನ್ನು, ಅಂದರೆ ಕ್ರೆಡಿಟ್ಟನ್ನು, ಇನ್ನೊಂದು ಕಡೆ ಒಪ್ಪಿಕೊಳ್ಳುವ ಯುರೋಪಿನ ಇಸಿಟಿಎಸ್ ಪದ್ಧತಿ ಬಂದದ್ದು ಆಮೇಲೆ, 1989ರಲ್ಲಿ. ಮೊದಲು ಜನ ಓಡಾಡಿದರು, ನಿಯಮ ಹಿಂದಿನಿಂದ ಬಂತು.

ಎಂಒಯುಗೆ, ಅಂದರೆ ಜೊತೆಗೆ ಕೆಲಸ ಮಾಡುತ್ತೇವೆ ಅಂತ ಎರಡೂ ಕಡೆಯವರು ಸಹಿ ಹಾಕುವ ಪತ್ರಕ್ಕೆ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯವಾಗಿ ಅದರಲ್ಲಿ ಕಾನೂನಿನ ಕಟ್ಟುಪಾಡು ಇರುವುದಿಲ್ಲ. ನಿಜವಾದ ವಿಷಯ ಇರೋದು ಅದರ ಜೊತೆಗಿನ ವಿನಿಮಯ ಒಪ್ಪಂದದಲ್ಲಿ: ವರ್ಷಕ್ಕೆ ಎಷ್ಟು ಜನ, ಯಾವ ವಿಭಾಗ, ವಿಮೆ ಯಾರದು, ಉಳಿಯೋದು ಎಲ್ಲಿ. ಫೀಸನ್ನು ವಿದ್ಯಾರ್ಥಿ ತನ್ನ ವಿಶ್ವವಿದ್ಯಾಲಯದಲ್ಲೇ ಕಟ್ಟುತ್ತಾನೆ, ಹೋದ ಕಡೆ ಮನ್ನಾ. ಹಾಗಾಗಿ ಹೋಗುವವರೂ ಬರುವವರೂ ಹೆಚ್ಚುಕಮ್ಮಿ ಸಮ ಇರಬೇಕು. ಒಂದೇ ಕಡೆಯಿಂದ ಜನ ಹೋಗುತ್ತಿದ್ದರೆ ಆ ಕಡೆಯವರು ಎಷ್ಟು ದಿನ ಸುಮ್ನಿರುತ್ತಾರೆ?

ಇನ್ನು ಕ್ರೆಡಿಟ್. ನಿಮ್ಮ ಶ್ರಮ ಎಲ್ಲಕ್ಕಿಂತ ಹೆಚ್ಚು ಇಲ್ಲಿ ಹೋಗಬೇಕು. ಇಸಿಟಿಎಸ್‌ನಲ್ಲಿ ಪೂರ್ತಿ ಒಂದು ವರ್ಷದ ಓದು ಅಂದರೆ 60 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಸುಮಾರು 25ರಿಂದ 30 ಗಂಟೆ ಕೆಲಸ. ಅದರಲ್ಲಿ ಕ್ಲಾಸ್ ಮಾತ್ರ ಅಲ್ಲ, ಮನೆಯಲ್ಲಿ ಓದಿದ್ದು, ಅಸೈನ್‌ಮೆಂಟ್, ಪರೀಕ್ಷೆಯ ತಯಾರಿ ಎಲ್ಲ ಸೇರಿದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30 ಕ್ರೆಡಿಟ್. ಅದಕ್ಕೇ ಅಮೆರಿಕದ ಒಂದು ಕ್ರೆಡಿಟ್‌ಗೆ ಇಸಿಟಿಎಸ್‌ನ ಎರಡು ಅಂತ ಲೆಕ್ಕ ಹಾಕೋದು ವಾಡಿಕೆ.

ಲೆಕ್ಕ ಸರಿಹೋದರೂ ಸಿಲೆಬಸ್ ಸರಿಹೋಗಬೇಕಲ್ವಾ? ಒಬ್ಬ ಎಂಜಿನಿಯರಿಂಗ್ ಹುಡುಗಿ ಒಂದು ಸೆಮಿಸ್ಟರ್ ಹೊರಗೆ ಓದಿ ಒಳ್ಳೆಯ ಗ್ರೇಡ್ ತಂದಳು. ವಾಪಸ್ ಬಂದಾಗ ಅವಳ ವಿಶ್ವವಿದ್ಯಾಲಯದ ವಿಭಾಗ ಸ್ಟ್ಯಾಟಿಸ್ಟಿಕ್ಸ್ ಪೇಪರನ್ನು ಒಪ್ಪಲಿಲ್ಲ. ಅಲ್ಲಿ ರಿಗ್ರೆಶನ್ ಪಾಠ ಆಗಿರಲಿಲ್ಲ, ಇಲ್ಲಿ ಅದೇ ಒಂದು ಪೂರ್ತಿ ಯೂನಿಟ್. ಆ ವಿಷಯಕ್ಕೆ ಜೂನಿಯರ್‌ಗಳ ಜೊತೆ ಕೂತು ಮತ್ತೆ ಪರೀಕ್ಷೆ ಬರೆದಳು. ಅವಳ ತಪ್ಪು ಒಂದಿಷ್ಟೂ ಇರಲಿಲ್ಲ, ಅದು ನನಗೆ ಇವತ್ತಿಗೂ ಬೇಸರ. ಹೊರಡುವ ಮೊದಲೇ ಲರ್ನಿಂಗ್ ಅಗ್ರಿಮೆಂಟ್ ಮಾಡಿ: ಅಲ್ಲಿನ ಯಾವ ಕೋರ್ಸ್ ಇಲ್ಲಿನ ಯಾವುದಕ್ಕೆ ಸಮ ಅಂತ ಬರೆದು, ವಿದ್ಯಾರ್ಥಿ, ಕಳಿಸುವವರು, ಕರೆಸಿಕೊಳ್ಳುವವರು ಮೂವರೂ ಸಹಿ ಹಾಕಬೇಕು.

ಕ್ಯಾಲೆಂಡರ್ ಕೂಡ ನೋಡಿಕೊಳ್ಳಿ. ಜಪಾನಿನಲ್ಲಿ ಓದಿನ ವರ್ಷ ಏಪ್ರಿಲ್‌ನಲ್ಲಿ ಶುರು, ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ, ಯುರೋಪಿನ ಬಹುಪಾಲು ಕಡೆ ಸೆಪ್ಟೆಂಬರ್, ಅಕ್ಟೋಬರ್.

ಮೊದಲ ಹೆಜ್ಜೆಗೆ ನನಗೆ ಇಷ್ಟವಾದದ್ದು ಕೋಟ್ಯುಟೆಲ್. ಒಬ್ಬ ಪಿಎಚ್‌ಡಿ ವಿದ್ಯಾರ್ಥಿ, ಎರಡು ಕಡೆ ನೋಂದಣಿ, ಎರಡೂ ಕಡೆ ಗೈಡ್, ಒಂದೇ ಥೀಸಿಸ್. ಜನ ಕಡಿಮೆ, ಆದರೆ ಕೆಲಸ ಗಟ್ಟಿ. ಅದನ್ನು ನಡೆಸುವಾಗ ಎರಡೂ ಆಫೀಸಿನವರು ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಜಂಟಿ ಡಿಗ್ರಿ, ಜಂಟಿ ಕ್ಯಾಂಪಸ್ ಎಲ್ಲ ಆಮೇಲೆ.

ಮುಗಿಸುವುದು ಹೇಗೆ ಅಂತಲೂ ಒಪ್ಪಂದದಲ್ಲೇ ಬರೆದಿಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ ಎನ್‌ಯುಎಸ್ ಸೇರಿ 2011ರಲ್ಲಿ ಕಟ್ಟಿದ ಕಾಲೇಜನ್ನು ಮುಚ್ಚುವುದಾಗಿ 2021ರಲ್ಲಿ ಎನ್‌ಯುಎಸ್ ಹೇಳಿತು. ಆದರೂ ಆಗಲೇ ಸೇರಿದ್ದವರಿಗೆ ಅಲ್ಲೇ ಓದು ಮುಗಿಸಲು ಬಿಟ್ಟರು, ಕೊನೆಯ ಬ್ಯಾಚ್ 2025ರಲ್ಲಿ ಹೊರಬಂತು. ಆಗಲೇ ಸೇರಿದವರು ಓದು ಮುಗಿಸಬಹುದು ಅನ್ನೋ ಸಾಲು ನಿಮ್ಮ ಒಪ್ಪಂದದಲ್ಲಿ ಇರಲಿ. ಜೊತೆಗೆ ಎರಡೂ ಕಡೆ ಇಬ್ಬಿಬ್ಬರು ಸಂಪರ್ಕದವರು ಇರಲಿ, ಅವರಲ್ಲಿ ಒಬ್ಬರಾದರೂ ನಿವೃತ್ತಿಗೆ ಇನ್ನೂ ಬಹಳ ವರ್ಷ ಇರುವವರು.