ಚಳಿಗಾಲದ ಚಾರಣದ ಹುಮ್ಮಸ್ಸು ಹೋಗಿದೆ, ಮತ್ತೆ ಬರುತ್ತಾ?

ಮೊದಲು ಹಿಮ ಬಿದ್ದ ಸುದ್ದಿ ಕೇಳಿದರೆ ಸಾಕು, ಚೀಲ ಕಟ್ಟುತ್ತಿದ್ದಿರಿ. ಈಗ ಬೂಟು ಕಣ್ಣೆದುರಿಗೇ ಇದ್ದರೂ ಕೈ ಹೋಗುವುದಿಲ್ಲ. ಬಲವಂತವಾಗಿ ಹೊರಟರೂ ಅರ್ಧ ದಾರಿಯಲ್ಲಿ 'ಯಾವಾಗ ಮುಗಿಯುತ್ತಪ್ಪಾ' ಅನ್ನಿಸುತ್ತದೆ. ಬೇಸಿಗೆಯಲ್ಲಿ ಮಾತ್ರ ಈಗಲೂ ಖುಷಿಯಾಗಿ ನಡೆಯುತ್ತೀರಿ. ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ? ಜೊತೆಗೆ, ಒಬ್ಬರೇ ಹೋಗಬೇಕೋ ಗುಂಪು ಸೇರಬೇಕೋ ಎಂದೂ ಕೇಳಿದ್ದೀರಿ.

ಬೇಸಿಗೆಯ ಮಾತನ್ನು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಉತ್ತರ ಅಲ್ಲೇ ಕಾಣುತ್ತಿದೆ. ನಡೆಯುವ ಆಸೆ ನಿಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಕೆಟ್ಟಿರುವುದು ಚಳಿಗಾಲದ ಲೆಕ್ಕ. ನನಗೂ ಕೆಲವು ವರ್ಷ ಹೀಗೇ ಆಗಿತ್ತು. ಈಗ ಮೊದಲ ಹಿಮಕ್ಕೆ ಕಾಯುತ್ತೇನೆ. ನಡುವೆ ಬದಲಾಗಿದ್ದು ಹೆಚ್ಚೇನಿಲ್ಲ. ಚಳಿಗಾಲದ ನಡಿಗೆಯನ್ನು ಬೇಸಿಗೆಯ ಅಳತೆಗೋಲಿನಿಂದ ಅಳೆಯುವುದನ್ನು ನಿಲ್ಲಿಸಿದೆ, ಅಷ್ಟೇ.

ಬೆಟ್ಟ ನಡೆಯುವವರಲ್ಲಿ ಹಳೆಯ ಲೆಕ್ಕವೊಂದಿದೆ. 1892ರಲ್ಲಿ ವಿಲಿಯಂ ನೇಯ್‌ಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟದ್ದು. ಅದನ್ನು ಈಗ ಕಿಲೋಮೀಟರಿಗೆ ಹೊಂದಿಸಿ, 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಬಳಸುತ್ತಾರೆ. ಅಂದರೆ 600 ಮೀಟರ್ ಏರು ಇರುವ 12 ಕಿಲೋಮೀಟರ್ ದಾರಿಗೆ ಹೆಚ್ಚುಕಡಿಮೆ ಮೂರೂವರೆ ಗಂಟೆ. ಇದು ಒಣ ನೆಲದ, ಒಳ್ಳೆ ಹವೆಯ ಲೆಕ್ಕ. ಅದೇ ದಾರಿಯಲ್ಲಿ ಮೊಣಕಾಲುದ್ದ ಹಿಮ ಇದ್ದು, ಮುಂದೆ ಯಾರೂ ನಡೆದು ಜಾಡು ಮಾಡಿರದಿದ್ದರೆ, ಇದರ ಎರಡು ಪಟ್ಟು ಹಿಡಿದರೂ ಆಶ್ಚರ್ಯವಿಲ್ಲ. ಇನ್ನು ಹಗಲನ್ನು ನೋಡಿ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಜೂನ್ ಕೊನೆಯ ಹಗಲು ಸುಮಾರು 16 ಗಂಟೆ, ಡಿಸೆಂಬರ್ ಕೊನೆಯದು ಸುಮಾರು 8. ದಾರಿ ಎರಡು ಪಟ್ಟು ನಿಧಾನ, ಬೆಳಕು ಅರ್ಧ. ಬೇಸಿಗೆಯ ಬೆಟ್ಟವನ್ನೇ ಗುರಿ ಇಟ್ಟುಕೊಂಡರೆ ಇಡೀ ದಿನ ಗಡಿಯಾರ ನೋಡುತ್ತಾ ಓಡುವುದೇ ಆಗುತ್ತದೆ. 'ಯಾವಾಗ ಮುಗಿಯುತ್ತಪ್ಪಾ' ಅನ್ನುವುದು ಅಲ್ಲಿಂದಲೇ ಹುಟ್ಟುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ, ಚಳಿಗಾಲದ ಹಗಲೇ ಆ ಹಾಸಿಗೆ.

ಹಾಗಾಗಿ ನನ್ನ ಮೊದಲ ಸಲಹೆ, ಶಿಖರವನ್ನು ಮರೆತುಬಿಡಿ. ದೂರ ಹೇಳಿಕೊಂಡು ಹೊರಡಬೇಡಿ, ಹೊತ್ತು ಹೇಳಿಕೊಂಡು ಹೊರಡಿ. ಎರಡು ಗಂಟೆ ಹೊರಗಿರುತ್ತೇನೆ, ಅರ್ಧ ಹೊತ್ತು ಕಳೆದ ಕೂಡಲೇ ಎಲ್ಲಿದ್ದರೂ ತಿರುಗುತ್ತೇನೆ, ಅಷ್ಟು ಸಾಕು. ಕಾಡಿನೊಳಗಿನ ಸಮತಟ್ಟು ದಾರಿ ಆದರೂ ಆಗಲಿ. ಬೇಸಿಗೆಯಲ್ಲಿ 'ಇದೇನು ದಾರಿ' ಎಂದು ನೀವು ಮೂಗು ಮುರಿದಿರಬಹುದಾದ ದಾರಿಗಳೇ ಹಿಮದಲ್ಲಿ ಜಾಸ್ತಿ ಚೆನ್ನಾಗಿರುತ್ತವೆ. ಗಾಳಿ ಕಡಿಮೆ. ಜಾರುವ ಭಯವೂ ಕಡಿಮೆ.

ಎರಡನೆಯದು ಮೊಬೈಲು. ನೀವು ಪ್ರತಿ ನಡಿಗೆಯನ್ನೂ ಆ್ಯಪ್‌ನಲ್ಲಿ ದಾಖಲಿಸುತ್ತೀರಿ, ಕಳೆದ ಚಳಿಗಾಲದ ಅಂಕಿ ನೋಡಿ ಬೇಜಾರಾಯಿತು ಎಂದು ಬರೆದಿದ್ದೀರಿ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟ ಇದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ 'ಬಿಡಿಸಿದರೆ ಬಹುಮಾನ' ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಆಮೇಲೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ನೋಡಿದರೆ, ಬಹುಮಾನದ ಮಾತು ಕೇಳಿ ಬಿಡಿಸಿದ್ದ ಮಕ್ಕಳೇ ಚಿತ್ರದ ಕಡೆ ಕಡಿಮೆ ಹೋಗುತ್ತಿದ್ದರು. ಸುಮ್ನೆ ಖುಷಿಗೆ ಮಾಡುತ್ತಿದ್ದದ್ದು ಬಹುಮಾನಕ್ಕೆ ಮಾಡುವ ಕೆಲಸವಾಗಿಬಿಟ್ಟಿತ್ತು. ಆ್ಯಪ್‌ನ ಪದಕ, ಸಾಲು ಸಾಲು ವಾರಗಳ ದಾಖಲೆ, ಹತ್ತಿದ ಶಿಖರಗಳ ಪಟ್ಟಿ ಎಲ್ಲ ಇದೇ ಜಾತಿಯವು ಅನ್ನುವುದು ನನ್ನ ಅನಿಸಿಕೆ. ಬೇಸಿಗೆಯಲ್ಲಿ ಅಂಕಿ ಏರುತ್ತಲೇ ಇರುತ್ತದೆ, ಹಾಗಾಗಿ ತೊಂದರೆ ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ಅದು ಬಿದ್ದೇ ಬೀಳುತ್ತದೆ. ಈ ಒಂದು ಚಳಿಗಾಲ ದಾಖಲೆ ನಿಲ್ಲಿಸಿ ನೋಡಿ. ಮೊಬೈಲು ತುರ್ತಿಗೆ ಬೇಕು, ಒಯ್ಯಿರಿ. ಆದರೆ ಒಳ ಜೇಬಿನಲ್ಲಿ, ಮೈಗೆ ತಾಗಿ ಇರಲಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಕೆಲವೊಮ್ಮೆ ಚಾರ್ಜ್ ತೋರಿಸುತ್ತಿರುವಾಗಲೇ ಫೋನು ಆಫ್ ಆಗುತ್ತದೆ.

ಈಗ ಮೈಯ ವಿಷಯ. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 'ಮನಸ್ಸಿಲ್ಲ' ಅನ್ನುವುದರಲ್ಲಿ ಅರ್ಧ ಪಾಲು 'ಹೋದ ಸಲ ಬೆರಳು ಮರಗಟ್ಟಿ ಅಳು ಬಂದಿತ್ತು' ಅನ್ನುವುದೇ ಆಗಿರುತ್ತದೆ. ಮನಸ್ಸು ಅದನ್ನು ಮರೆತರೂ ಮೈ ಮರೆಯುವುದಿಲ್ಲ.

ಚಳಿಗಾಲದಲ್ಲಿ ದೊಡ್ಡ ಶತ್ರು ಬೆವರು. ಒದ್ದೆಯಾದ ಬಟ್ಟೆ ಮೈಶಾಖವನ್ನು ಎಳೆದುಬಿಡುತ್ತದೆ, ಯಾಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಮನೆಯಿಂದ ಬೆಚ್ಚಗೆ ಹೊದ್ದು ಹೊರಟವರು ಮೊದಲ ಏರಿನಲ್ಲೇ ಬೆವರುತ್ತಾರೆ, ನಿಂತ ಕೂಡಲೇ ನಡುಗುತ್ತಾರೆ. ಹೊರಡುವಾಗ ಸ್ವಲ್ಪ ಚಳಿ ಆಗಬೇಕು. ಹತ್ತು ಹದಿನೈದು ನಿಮಿಷ ನಡೆದರೆ ಮೈ ತಾನಾಗಿಯೇ ಕಾಯುತ್ತದೆ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡವೇ ಬೇಡ. ಹತ್ತಿ ನೀರು ಹೀರಿಕೊಂಡು ಹಾಗೇ ಇಟ್ಟುಕೊಳ್ಳುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ ಇರಲಿ, ಅದರ ಮೇಲೆ ಬೆಚ್ಚಗಿನದ್ದು, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಚೀಲದಲ್ಲಿ ಒಂದು ದಪ್ಪ ಜಾಕೆಟ್ ಬೇರೆಯೇ ಇರಬೇಕು. ನಿಂತ ತಕ್ಷಣ, ಚಳಿ ಹತ್ತುವ ಮುಂಚೆಯೇ, ಅದನ್ನು ಹಾಕಿಕೊಳ್ಳಿ.

ಕೈಗೆ ಬೆರಳು ಬೆರಳಿನ ಗ್ಲೌಸಿಗಿಂತ ಮಿಟನ್, ಅಂದರೆ ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಂದೇ ಚೀಲದಲ್ಲಿ ಇರುವ ಕೈಗವಸು, ಒಳ್ಳೆಯದು. ಬೆರಳುಗಳು ಒಂದಕ್ಕೊಂದು ತಾಗಿಕೊಂಡು ಬೆಚ್ಚಗಿರುತ್ತವೆ. ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಇರಲಿ. ಇದರ ಬಗ್ಗೆ ನಾನು ಸ್ವಲ್ಪ ಅತಿ ಮಾಡುತ್ತೇನೆ ಎಂದು ಜೊತೆಯವರು ನಗುತ್ತಾರೆ, ನಗಲಿ. ಹವಾಮಾನ ನೋಡುವಾಗ ಬರೀ ಉಷ್ಣತೆ ನೋಡಬೇಡಿ, ಗಾಳಿಯನ್ನೂ ನೋಡಿ. ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಇದ್ದರೆ, ಬರಿ ಚರ್ಮಕ್ಕೆ ಅದು ಮೈನಸ್ 20ರ ಹಾಗಿರುತ್ತದೆ. ಅಂಥ ದಿನ ಬಯಲು ದಿಣ್ಣೆ ಬಿಟ್ಟು ಮರಗಳ ಮಧ್ಯೆ ನಡೆಯಿರಿ. ನೀರಿನ ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ತೇಲುತ್ತದೆ, ಹಾಗಾಗಿ ಗಡ್ಡೆ ಕಟ್ಟಿದರೂ ಬುಡದ ಕಡೆ ಕಟ್ಟುತ್ತದೆ, ಮುಚ್ಚಳದ ಬಾಯಿ ಬಿಟ್ಟುಕೊಂಡಿರುತ್ತದೆ.

ಇಷ್ಟಾದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಶಿಖರ ಬೇಡ, ಅಂಕಿ ಬೇಡ ಅಂದರೆ ಮಾಡುವುದೇನು? ನೋಡುವುದು. ಬೇಸಿಗೆಯಲ್ಲಿ ಕಾಡಿನ ಪ್ರಾಣಿಗಳ ಓಡಾಟ ನಮಗೆ ಗೊತ್ತೇ ಆಗುವುದಿಲ್ಲ. ಹಿಮದ ಮೇಲೆ ರಾತ್ರಿಯ ಕಥೆಯೆಲ್ಲ ಬರೆದಿಟ್ಟಿರುತ್ತದೆ. ನನ್ನನ್ನು ಮತ್ತೆ ಹೊರಗೆ ಎಳೆದದ್ದು ಇದೇ, ಹೆಜ್ಜೆಗುರುತು ಓದುವ ಹುಚ್ಚು. ಮೊಲ ನೆಗೆಯುವಾಗ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದೆ ಬೀಳುತ್ತವೆ. ದೊಡ್ಡ ಗುರುತು ಹಿಂಗಾಲಿನದು, ಅದು ಇರುವ ಕಡೆಗೇ ಮೊಲ ಹೋಗಿರುತ್ತದೆ. ಗೊತ್ತಿಲ್ಲದವರು ಅದನ್ನು ತಿರುಗುಮುರುಗಾಗಿ ಓದುತ್ತಾರೆ. ನರಿಯಾದರೆ ನಡೆಯುವಾಗ ಮುಂಗಾಲು ಇಟ್ಟಲ್ಲೇ ಹಿಂಗಾಲು ಇಡುತ್ತದೆ, ಹಾಗಾಗಿ ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬಿದ್ದಿರುತ್ತವೆ. ಇಲಿಯ ಸಣ್ಣ ಜಾಡೊಂದು ಬಯಲಿನ ಮಧ್ಯೆ ಥಟ್ಟನೆ ನಿಂತು, ಎರಡೂ ಪಕ್ಕ ರೆಕ್ಕೆ ಬಡಿದ ಗುರುತು ಇದ್ದರೆ ಏನಾಯಿತೆಂದು ಹೇಳಬೇಕಿಲ್ಲ. ಇಂಥದ್ದನ್ನು ಹಿಂಬಾಲಿಸುತ್ತಾ ಹೋದರೆ ಎರಡು ಗಂಟೆಯಲ್ಲಿ ಒಂದು ಕಿಲೋಮೀಟರೂ ಆಗುವುದಿಲ್ಲ, ಬೇಜಾರೂ ಆಗುವುದಿಲ್ಲ.

ಹೊಸ ಹಿಮ ಬಿದ್ದ ಬೆಳಿಗ್ಗೆಯನ್ನು ಮಾತ್ರ ತಪ್ಪಿಸಬೇಡಿ. ಹಿಮದ ಹಳಕುಗಳ ನಡುವೆ ಗಾಳಿಯ ಸಂದುಗಳಿರುತ್ತವೆ, ಅವು ಶಬ್ದವನ್ನು ಹೀರುತ್ತವೆ. ಒಂದೆರಡು ದಿನದಲ್ಲಿ ಮೇಲ್ಪದರ ಗಟ್ಟಿಯಾದರೆ ಆ ಗುಣ ಹೋಗುತ್ತದೆ. ಇನ್ನೊಂದು, ಗಾಳಿ ನಿಂತ ನಿರ್ಮಲ ರಾತ್ರಿಯ ಮಾರನೆಯ ದಿನ. ಸಾಮಾನ್ಯವಾಗಿ ಪ್ರತಿ 1000 ಮೀಟರ್ ಏರಿದಾಗ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಅಂಥ ದಿನ ಇದು ತಲೆಕೆಳಗಾಗಿರುತ್ತದೆ. ತಣ್ಣನೆಯ ಗಾಳಿ ಭಾರ, ಅದು ಕಣಿವೆಯಲ್ಲಿ ಕೂತು ಮಂಜು ಕವಿಸುತ್ತದೆ. ಸ್ವಲ್ಪ ಮೇಲೆ ಹೋದರೆ ಬಿಸಿಲು, ಬೆಚ್ಚಗೆ ಬೇರೆ. ಕಿಟಕಿಯಿಂದ ಹೊರಗೆ ನೋಡಿ 'ಇವತ್ತು ಯಾರು ಹೋಗುತ್ತಾರೆ' ಅನ್ನಿಸುವ ದಿನವೇ ಒಮ್ಮೊಮ್ಮೆ ಅತಿ ಒಳ್ಳೆಯ ದಿನ. ಬಿಸಿಲಿದ್ದರೆ ಕಪ್ಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಅತಿನೇರಳೆ ಕಿರಣಗಳನ್ನು 80 ಪ್ರತಿಶತದವರೆಗೂ ಹಿಂದಕ್ಕೆ ಎಸೆಯುತ್ತದೆ.

ಒಂದು ಮಾತು ಬೇರೆಯಾಗಿ ಹೇಳಬೇಕು. ಚಾರಣ ಮಾತ್ರವಲ್ಲ, ಚಳಿಗಾಲ ಬಂದರೆ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಜಾಸ್ತಿ, ಜನ ಬೇಡ ಅನ್ನಿಸುತ್ತದೆ ಎಂದಾದರೆ ವೈದ್ಯರನ್ನು ನೋಡಿ. ಋತುವಿಗೆ ತಕ್ಕಂತೆ ಬಂದು ಹೋಗುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು 1984ರಲ್ಲೇ ವಿವರಿಸಿದ್ದಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ಹೊಸ ಜಾಕೆಟ್ ಕೊಂಡು ಅದನ್ನು ಸರಿಮಾಡಲು ಆಗುವುದಿಲ್ಲ. ಹಾಗೇನೂ ಇಲ್ಲ, ಆದರೂ ಒಂದು ಚಳಿಗಾಲ ಹೀಗೆ ನಡೆದು ನೋಡಿ ಇಷ್ಟವಾಗಲಿಲ್ಲ ಅಂದರೆ, ಬಿಟ್ಟುಬಿಡಿ. ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಕೊನೆಗೆ, ಒಬ್ಬರೋ ಗುಂಪೋ? ಪರಿಚಿತ, ಸಮತಟ್ಟು, ಜನ ಓಡಾಡುವ ದಾರಿಗೆ ಒಬ್ಬರೇ ಹೋಗಿ. ಈಗ ನಿಮಗೆ ಬೇಕಾಗಿರುವುದು ನಿಮ್ಮದೇ ವೇಗ. ದೊಡ್ಡ ಗುಂಪಿನಲ್ಲಿ ಅದು ಸಿಗುವುದಿಲ್ಲ, ಯಾರಾದರೂ ಮುಂದೆ ಓಡಿಯೇ ಓಡುತ್ತಾರೆ. ನಿಧಾನಕ್ಕೆ ಬೇಜಾರು ಮಾಡಿಕೊಳ್ಳದ ಒಬ್ಬ ಸ್ನೇಹಿತರು ಸಿಕ್ಕರೆ ಇನ್ನೂ ಒಳ್ಳೆಯದು. ಕಡಿದಾದ ಕಡೆ ಒಬ್ಬರೇ ಬೇಡ. ಹೆಚ್ಚಿನ ಹಿಮಕುಸಿತಗಳು ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂಥ ಜಾಗಕ್ಕೆ ಕಲಿತವರ ಜೊತೆ, ಆ ದಿನದ ಹಿಮಕುಸಿತದ ಸೂಚನೆ ಓದಿಕೊಂಡೇ ಹೋಗಬೇಕು. ಎಲ್ಲಿಗೆ ಹೋದರೂ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಹೇಳಿ ಹೊರಡಿ, ಚೀಲದಲ್ಲಿ ತಲೆಗೆ ಕಟ್ಟುವ ಟಾರ್ಚ್ ಇರಲಿ.